ಕೆಟ್ಟ ಅಪ್‌ಡೇಟ್ ಬಂದರೂ ಕಚೇರಿಯ ಕೆಲಸ ನಿಲ್ಲದಂತೆ ನೋಡಿಕೊಳ್ಳುವುದು ಹೇಗೆ?

ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ಪತ್ತಿನ ಸಹಕಾರ ಸಂಘಗಳು, ದಲಾಲಿ ಅಂಗಡಿಗಳು, ಮುದ್ರಣಾಲಯಗಳು, ಸಣ್ಣ ಆಸ್ಪತ್ರೆಗಳು ಇವೆಲ್ಲವೂ ಈಗ ಕಂಪ್ಯೂಟರನ್ನೇ ನಂಬಿ ನಡೆಯುತ್ತಿವೆ. ಆದರೆ ಅವುಗಳ ಉಸ್ತುವಾರಿಗೆಂದೇ ಒಬ್ಬ ತಂತ್ರಜ್ಞರನ್ನು ಇಟ್ಟುಕೊಂಡಿರುವ ಕಚೇರಿ ಅಪರೂಪ. ಸಾಮಾನ್ಯವಾಗಿ ಲೆಕ್ಕ ಬರೆಯುವ ಗುಮಾಸ್ತರೇ ಆ ಹೊಣೆಯನ್ನೂ ಹೊತ್ತಿರುತ್ತಾರೆ. ಈ ಬರಹ ಅಂಥವರಿಗಾಗಿ.

ಮೊದಲು, ಒಂದು ಅಪ್‌ಡೇಟಿನಿಂದ ಲಕ್ಷಾಂತರ ಕಂಪ್ಯೂಟರ್‌ಗಳು ಒಮ್ಮೆಲೇ ಹೇಗೆ ಕೆಡುತ್ತವೆ ಎಂಬುದನ್ನು ತಿಳಿದುಕೊಳ್ಳಬೇಕು. 2024ರ ಜುಲೈ 19ರ ಶುಕ್ರವಾರ, ಭಾರತೀಯ ಕಾಲಮಾನದಂತೆ ಬೆಳಿಗ್ಗೆ 9.39ಕ್ಕೆ, ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯು ಆಂಟಿವೈರಸ್‌ನಂತೆ ಕಂಪ್ಯೂಟರನ್ನು ಕಾಯುವ ತನ್ನ ಫಾಲ್ಕನ್ ತಂತ್ರಾಂಶಕ್ಕೆ ಒಂದು ಸಣ್ಣ ಫೈಲನ್ನು ಕಳುಹಿಸಿತು. ಆ ಫೈಲು 21 ಅಂಶಗಳನ್ನು ನಿರೀಕ್ಷಿಸುತ್ತಿತ್ತು, ತಂತ್ರಾಂಶ ಒದಗಿಸುತ್ತಿದ್ದುದು 20 ಮಾತ್ರ. ಬಿಲ್ಲಿನಲ್ಲಿ ಇಪ್ಪತ್ತೊಂದು ಚೀಲ ಎಂದಿದ್ದು ಲಾರಿಯಲ್ಲಿ ಇಪ್ಪತ್ತೇ ಬಂದಾಗ, ಉಳಿದ ಒಂದನ್ನು ಹುಡುಕುತ್ತ ಹಮಾಲರು ಪಕ್ಕದವರ ಗೋದಾಮಿಗೆ ನುಗ್ಗಿದಂತೆ, ಆ ತಂತ್ರಾಂಶ ತನಗೆ ಸೇರದ ಮೆಮೊರಿಯನ್ನು ಓದಲು ಹೋಯಿತು. ಸಾಮಾನ್ಯ ತಂತ್ರಾಂಶ ಹೀಗೆ ಮಾಡಿದರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಆದರೆ ಇದು ವಿಂಡೋಸ್‌ನ ಒಳತಿರುಳಾದ ಕರ್ನಲ್‌ನಲ್ಲಿ ಕೆಲಸ ಮಾಡುತ್ತಿದ್ದುದರಿಂದ ಇಡೀ ಕಂಪ್ಯೂಟರೇ ನೀಲಿ ಪರದೆ ತೋರಿಸಿ ನಿಂತುಬಿಟ್ಟಿತು.

ಕಂಪನಿ 78 ನಿಮಿಷಗಳಲ್ಲಿ ಆ ಫೈಲನ್ನು ಹಿಂತೆಗೆದುಕೊಂಡಿತು. ಅಷ್ಟರೊಳಗೆ, ಮೈಕ್ರೋಸಾಫ್ಟ್‌ನ ಅಂದಾಜಿನಂತೆ, 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕೆಟ್ಟಿದ್ದವು. ಜಗತ್ತಿನ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಇದು ಶೇ 1ಕ್ಕಿಂತ ಕಡಿಮೆ; ಆದರೂ ಅವು ವಿಮಾನಯಾನ, ಆಸ್ಪತ್ರೆ, ಬ್ಯಾಂಕುಗಳಂಥ ಕಡೆಗಳಲ್ಲಿ ಇದ್ದುದರಿಂದ ಭಾರತದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಡಬೇಕಾಯಿತು. ನನ್ನ ದೃಷ್ಟಿಯಲ್ಲಿ ತಪ್ಪು ಫೈಲಿಗಿಂತ ದೊಡ್ಡ ತೊಂದರೆಗಳು ಎರಡು. ಫೈಲು ಎಲ್ಲರಿಗೂ ಒಂದೇ ಹೊತ್ತಿಗೆ ಹೋಯಿತು. ಮತ್ತು ಸರಿಪಡಿಸಿದ ಫೈಲನ್ನು ಇಂಟರ್ನೆಟ್ ಮೂಲಕ ಇಳಿಸಿಕೊಳ್ಳುವ ಮೊದಲೇ ಕಂಪ್ಯೂಟರ್ ಮತ್ತೆ ಮತ್ತೆ ಕೆಡುತ್ತಿದ್ದುದರಿಂದ, ಬಹಳಷ್ಟು ಕಡೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಕೂತು ದುರಸ್ತಿ ಮಾಡಬೇಕಾಯಿತು. ನಮ್ಮ ಸಿದ್ಧತೆಯೂ ಈ ಎರಡಕ್ಕೆ ತಕ್ಕಂತೆ ಇರಬೇಕು.

ಇದನ್ನು ಓದಿ ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸುವ ಯೋಚನೆ ಖಂಡಿತ ಬೇಡ. 2017ರ ಮೇ ತಿಂಗಳಲ್ಲಿ, ಫೈಲುಗಳಿಗೆ ಬೀಗ ಹಾಕಿ ಬಿಡಿಸಲು ಹಣ ಕೇಳುವ ವಾನ್ನಾಕ್ರೈ ವೈರಸ್‌ನ ದಾಳಿ ನಡೆದಾಗ, ಅದು ನುಸುಳಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಪರಿಹಾರ ಕಳುಹಿಸಿತ್ತು. ಹಾಕಿಕೊಳ್ಳದವರು ನಷ್ಟ ಅನುಭವಿಸಿದರು. ಅಪ್‌ಡೇಟ್ ಬೇಕು, ಆದರೆ ಎಲ್ಲ ಯಂತ್ರಗಳಿಗೂ ಒಂದೇ ದಿನ ಬೇಡ.

ಆದ್ದರಿಂದ ಕಚೇರಿಯಲ್ಲಿ ಕೌಂಟರ್ ಕೆಲಸಕ್ಕೆ ಬಳಸದ ಒಂದು ಕಂಪ್ಯೂಟರನ್ನು ಗುರುತಿಸಿ, ಅದು ಮಾತ್ರ ಅಪ್‌ಡೇಟನ್ನು ಬಂದ ಕೂಡಲೇ ಪಡೆಯುವಂತೆ ಬಿಡಿ. ಉಳಿದವುಗಳಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ವಿಂಡೋಸ್ ಅಪ್‌ಡೇಟ್‌ನಲ್ಲಿ ‘ಪಾಸ್ ಅಪ್‌ಡೇಟ್ಸ್’ (Pause updates) ಆಯ್ಕೆಯಿಂದ ಒಂದು ವಾರ ತಡೆಹಿಡಿಯಿರಿ. ವಿಂಡೋಸ್ 11ರಲ್ಲಿ ಐದು ವಾರಗಳವರೆಗೆ ಹೀಗೆ ತಡೆಯಬಹುದಾದರೂ ಅಷ್ಟು ದಿನ ಕಾಯುವುದು ಕ್ಷೇಮವಲ್ಲ. ವಿಂಡೋಸ್‌ನ ಪ್ರೊ ಆವೃತ್ತಿ ಇದ್ದರೆ, ಯಂತ್ರದ ನಿಯಮಗಳನ್ನು ಗೊತ್ತುಮಾಡುವ ಗ್ರೂಪ್ ಪಾಲಿಸಿಯಲ್ಲಿ ಇಷ್ಟು ದಿನ ತಡವಾಗಿ ಬರಲಿ ಎಂದು ಒಮ್ಮೆ ನಿಗದಿ ಮಾಡಿದರೆ ಸಾಕು, ಪ್ರತಿ ತಿಂಗಳು ನೆನಪಿಡಬೇಕಾಗಿಲ್ಲ. ಮೈಕ್ರೋಸಾಫ್ಟ್‌ನ ಮಾಸಿಕ ಅಪ್‌ಡೇಟ್ ಅಮೆರಿಕದ ಕಾಲಮಾನದಂತೆ ತಿಂಗಳ ಎರಡನೆಯ ಮಂಗಳವಾರ ಹೊರಡುತ್ತದೆ. ನಮ್ಮಲ್ಲಿ ಬುಧವಾರ ಬೆಳಿಗ್ಗೆ ಕಂಪ್ಯೂಟರ್ ಹಚ್ಚಿದಾಗ ಇಳಿಯತೊಡಗುತ್ತದೆ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯ ದಲಾಲಿ ಅಂಗಡಿಯವರು ಇದನ್ನು ವಿಶೇಷವಾಗಿ ಗಮನಿಸಬೇಕು. ಮರುದಿನವೇ ಗುರುವಾರದ ಇ-ಟೆಂಡರ್. ಆವಕ ಹೆಚ್ಚಿರುವ ದಿನ ಬಿಲ್ ಮಾಡುವ ಯಂತ್ರ ಅರ್ಧಗಂಟೆ ನಿಂತರೂ ರೈತರು ಸಂಜೆಯವರೆಗೆ ಕಾಯಬೇಕಾಗುತ್ತದೆ.

ಆಂಟಿವೈರಸ್‌ನ ಅಪ್‌ಡೇಟನ್ನು ಹೀಗೆ ತಡೆಯುವುದು ಕಷ್ಟ, ಏಕೆಂದರೆ ಅವು ದಿನಕ್ಕೆ ಹಲವು ಬಾರಿ ಬರುತ್ತವೆ. ಫಾಲ್ಕನ್‌ನಲ್ಲಿ ತಂತ್ರಾಂಶದ ಹಳೆಯ ಆವೃತ್ತಿಯನ್ನೇ ಉಳಿಸಿಕೊಂಡಿದ್ದ ಗ್ರಾಹಕರಿಗೂ ಅಂದಿನ ಕೆಟ್ಟ ಫೈಲು ತಲುಪಿತ್ತು. ಹೀಗಾಗಿ ಕನಿಷ್ಠ ಒಂದು ಲ್ಯಾಪ್‌ಟಾಪಿನಲ್ಲಾದರೂ ಬೇರೆ ಕಂಪನಿಯ ಆಂಟಿವೈರಸ್ ಇರಲಿ.

ಎರಡನೆಯ ಸಿದ್ಧತೆ ರಿಕವರಿ ಕೀ. ಇದಕ್ಕೆ ಕೊಡಬೇಕಾದಷ್ಟು ಗಮನವನ್ನು ಬಹುತೇಕ ಕಚೇರಿಗಳು ಕೊಡುವುದಿಲ್ಲ. ಹೊಸ ವಿಂಡೋಸ್ ಕಂಪ್ಯೂಟರ್‌ಗಳಲ್ಲಿ ಡಿಸ್ಕಿಗೆ ಬಿಟ್‌ಲಾಕರ್ ಬೀಗ ನಮಗೆ ತಿಳಿಯದಂತೆಯೇ ಬಿದ್ದಿರಬಹುದು. ಕೆಟ್ಟ ಯಂತ್ರವನ್ನು ದುರಸ್ತಿ ಮಾಡಲು ಹೋದಾಗ ಅದು 48 ಅಂಕಿಗಳ ಕೀ ಕೇಳುತ್ತದೆ. ಮೊದಲ ದಿನ ಯಾರ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿತ್ತೋ ಅವರ ಖಾತೆಯಲ್ಲಿ ಅದು ಉಳಿದಿರುತ್ತದೆ. ಅವರು ಕಂಪ್ಯೂಟರ್ ಮಾರಿದ ಅಂಗಡಿಯ ಹುಡುಗನೂ ಆಗಿರಬಹುದು, ಕೆಲಸ ಬಿಟ್ಟುಹೋದ ಗುಮಾಸ್ತರೂ ಆಗಿರಬಹುದು. ಈಗಲೇ ಪ್ರತಿ ಯಂತ್ರದ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬಿಟ್‌ಲಾಕರ್ ತೆರೆದು, ಕೀಯನ್ನು ಪ್ರಿಂಟ್ ತೆಗೆದು, ಮೇಲ್ಭಾಗದಲ್ಲಿ ಯಾವ ಮೇಜಿನ ಯಂತ್ರವೆಂದು ಬರೆದು ತಿಜೋರಿಯಲ್ಲಿಡಿ. ಅದೇ ಕಂಪ್ಯೂಟರಿನಲ್ಲಿ ಫೈಲ್ ಮಾಡಿ ಇಟ್ಟರೆ ಬೇಕಾದ ದಿನ ಕೈಗೆ ಸಿಗುವುದಿಲ್ಲ.

ನಿಜವಾಗಿಯೂ ನೀಲಿ ಪರದೆ (ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಕಪ್ಪು ಪರದೆ) ಬಂದ ದಿನ ಮೊದಲು ಇನ್ನೂ ಹಚ್ಚದಿರುವ ಯಂತ್ರಗಳನ್ನು ಹಚ್ಚದೆ ಹಾಗೆಯೇ ಬಿಡಿ. ಅವುಗಳಿಗೆ ಕೆಟ್ಟ ಅಪ್‌ಡೇಟ್ ಇನ್ನೂ ತಲುಪಿರಲಿಕ್ಕಿಲ್ಲ. ಕೆಟ್ಟ ಯಂತ್ರದ ಪರದೆಯ ಫೋಟೊ ತೆಗೆದುಕೊಳ್ಳಿ. ಅದು ಎರಡು-ಮೂರು ಬಾರಿ ಆರಂಭವಾಗದೆ ಸೋತರೆ ದುರಸ್ತಿಯ ಪರದೆ ತಾನಾಗಿ ಬರುತ್ತದೆ. ಅಲ್ಲಿ ‘ಟ್ರಬಲ್‌ಶೂಟ್’, ಬಳಿಕ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒತ್ತಿದರೆ ‘ಅನ್‌ಇನ್‌ಸ್ಟಾಲ್ ಅಪ್‌ಡೇಟ್ಸ್’ ಸಿಗುತ್ತದೆ. ವಿಂಡೋಸ್ ಅಪ್‌ಡೇಟಿನಿಂದ ಆದ ತೊಂದರೆಗೆ ಇದನ್ನೇ ಮೊದಲು ಪ್ರಯತ್ನಿಸಬೇಕು. ದೋಷ ಬೇರೆ ಕಂಪನಿಯದಾದರೆ ‘ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್’ ಮೂಲಕ, ಅತ್ಯಗತ್ಯ ಭಾಗಗಳಷ್ಟೇ ನಡೆಯುವ ಸೇಫ್ ಮೋಡ್‌ಗೆ ಹೋಗಿ, ಆ ಕಂಪನಿಯ ಅಧಿಕೃತ ತಾಣದಲ್ಲಿ ಹೇಳಿದ ಕ್ರಮವನ್ನು ಮಾತ್ರ ಅನುಸರಿಸಿ. ಜುಲೈ 19ರ ಬೆನ್ನಲ್ಲೇ ಸರಿಪಡಿಸಿಕೊಡುವ ನೆಪದಲ್ಲಿ ನಕಲಿ ತಾಣಗಳು ಹುಟ್ಟಿಕೊಂಡಿದ್ದವು. ವಾಟ್ಸಾಪ್‌ನಲ್ಲಿ ಬಂದ ಲಿಂಕನ್ನು ಒತ್ತಬೇಡಿ, ಫೋನ್ ಮಾಡಿ ಎನಿಡೆಸ್ಕ್ (ದೂರದಿಂದಲೇ ನಿಮ್ಮ ಕಂಪ್ಯೂಟರ್ ನಡೆಸಲು ಬಿಡುವ ತಂತ್ರಾಂಶ) ಹಾಕಿಕೊಳ್ಳಿ ಎನ್ನುವ ಅಪರಿಚಿತರಿಗೆ ಒಪ್ಪಬೇಡಿ. ಗಾಬರಿಯಲ್ಲಿ ಡಿಸ್ಕ್ ಫಾರ್ಮ್ಯಾಟ್ ಮಾಡಲು ಯಾರಿಗೂ ಬಿಡಬೇಡಿ. ಇಂಥ ದೋಷದಲ್ಲಿ ಒಳಗಿನ ಲೆಕ್ಕ ಸಾಮಾನ್ಯವಾಗಿ ಸುರಕ್ಷಿತವಾಗಿಯೇ ಇರುತ್ತದೆ.

ದುರಸ್ತಿ ನಡೆಯುವಾಗ ಕೌಂಟರ್ ನಿಲ್ಲಬಾರದು. ಕ್ರಮಸಂಖ್ಯೆ ಮುದ್ರಿಸಿದ ಒಂದು ರಸೀದಿ ಪುಸ್ತಕ, ಒಂದು ಕೀರ್ದಿ ಪುಸ್ತಕ ಮತ್ತು ಹಿಂದಿನ ಸಂಜೆ ತೆಗೆದ ಖಾತೆಗಳ ಬಾಕಿಪಟ್ಟಿಯ ಪ್ರಿಂಟ್ ಯಾವಾಗಲೂ ಕೈಗೆಟುಕುವಂತಿರಲಿ. ಬಾಕಿಪಟ್ಟಿ ಇಲ್ಲದೆ ಪತ್ತಿನ ಸಂಘದವರು ಜಮಾ ತೆಗೆದುಕೊಳ್ಳಬಹುದೇ ಹೊರತು ಹಣ ಪಾವತಿ ಮಾಡಲಾಗದು. ಕಂಪ್ಯೂಟರ್ ಮತ್ತೆ ಶುರುವಾದ ಮೇಲೆ ಕೈಬರಹದ ರಸೀದಿಗಳನ್ನು ಕ್ರಮಸಂಖ್ಯೆಯಂತೆಯೇ, ಒಬ್ಬರೇ ಕೂತು, ಅಂದಿನ ತಾರೀಖಿನಲ್ಲೇ ನಮೂದಿಸಬೇಕು. ನಮೂದಾದ ಪ್ರತಿ ರಸೀದಿಯ ಮೇಲೆ ಗುರುತು ಹಾಕುತ್ತ ಹೋಗಿ, ಕೊನೆಗೆ ಕೀರ್ದಿಯ ಮೊತ್ತವೂ ಪೆಟ್ಟಿಗೆಯ ನಗದೂ ತಾಳೆಯಾದ ಬಳಿಕವೇ ದಿನದ ಲೆಕ್ಕ ಮುಚ್ಚಿ ಬ್ಯಾಕಪ್ ತೆಗೆಯಿರಿ.