ಬಾತ ಕೈಯನ್ನು ತಿಕ್ಕಬೇಡಿ, ಸವರಿ

ನಾನು ಕಾರವಾರದಲ್ಲಿ ಫಿಸಿಯೋಥೆರಪಿ ಮಾಡುತ್ತೇನೆ. ಸ್ತನದ ಆಪರೇಷನ್ ಆದ ಮೇಲೆ ಕೈ ಬಾತು ಬರುವ ಹೆಂಗಸರಲ್ಲಿ ಜಾಸ್ತಿ ಜನ ಮನೆಯಲ್ಲಿ ತೆಂಗಿನೆಣ್ಣೆ ಹಾಕಿ ಗಸಗಸ ತಿಕ್ಕಿಸಿಕೊಂಡೇ ಬರುತ್ತಾರೆ. ಬೈತಖೋಲದ ಅಕ್ಕ ಒಬ್ಬರ ಕೈ ತಿಕ್ಕಿ ತಿಕ್ಕಿ ಕೆಂಪಾಗಿತ್ತು, ಬಾವು ಮಾತ್ರ ಹಾಗೇ ಇತ್ತು.

ರಕ್ತನಾಳದಿಂದ ಸೋರಿದ ನೀರನ್ನು ವಾಪಸ್ ರಕ್ತಕ್ಕೆ ಸೇರಿಸುವುದು ದುಗ್ಧನಾಳಗಳ ಕೆಲಸ. ಇವಕ್ಕೆ ಹೃದಯದ ಹಾಗೆ ಒಂದು ದೊಡ್ಡ ಪಂಪ್ ಇಲ್ಲ. ನಾಳದ ಉದ್ದಕ್ಕೂ ಕವಾಟಗಳಿವೆ, ಎರಡು ಕವಾಟಗಳ ನಡುವಿನ ತುಂಡೇ ಒಂದು ಪಂಪ್. ತುಂಬಿ ಹಿಗ್ಗಿದರೆ ಅದರ ಗೋಡೆಯ ಸ್ನಾಯು ತಾನೇ ಕುಗ್ಗುತ್ತದೆ, ನಿಮಿಷಕ್ಕೆ ಕೆಲವೇ ಸಲ. ಆಪರೇಷನ್‌ನಲ್ಲಿ ಕಂಕುಳಿನ ದುಗ್ಧಗ್ರಂಥಿಗಳನ್ನು (ಈ ನಾಳಗಳು ಹಾದುಹೋಗುವ ಪುಟ್ಟ ಗಂಟುಗಳು) ತೆಗೆದಾಗ ಈ ದಾರಿ ತುಂಡಾಗಿ ನೀರು ಕೈಯಲ್ಲೇ ನಿಲ್ಲುತ್ತದೆ.

ಆ ನೀರನ್ನು ಸವರಿ ಸಾಗಿಸುವ ಕ್ರಮ ಹೀಗೆ. ಮೊದಲು ಹೊಟ್ಟೆ ಉಬ್ಬುವ ಹಾಗೆ ನಿಧಾನ ಐದಾರು ಸಲ ಉಸಿರಾಡಿ. ಉಸಿರೆಳೆದಾಗ ಎದೆಯೊಳಗಿನ ಒತ್ತಡ ಇಳಿದು ದೊಡ್ಡ ದುಗ್ಧನಾಳದ ರಸ ಮೇಲಕ್ಕೆ ಬರುತ್ತದೆ. ಅದು ರಕ್ತಕ್ಕೆ ಸೇರುವುದು ಕತ್ತಿನ ಬುಡದಲ್ಲಿ. ಹಾಗಾಗಿ ಮುಂದಿನ ಕೆಲಸ ಕಾಲರ್ ಮೂಳೆ ಮೇಲಿನ ಗುಳಿಯಲ್ಲಿ: ಬೆರಳು ಚಪ್ಪಟೆ ಇಟ್ಟು ಚರ್ಮವನ್ನು ಮೆಲ್ಲಗೆ ಎಳೆದು ಬಿಡಿ. ಆಮೇಲೆ ಚೆನ್ನಾಗಿರುವ ಕಡೆಯ ಕಂಕುಳು. ನಂತರ ಬಾತ ಕಡೆಯಿಂದ ಎದೆ ಮೇಲೆ ಅಡ್ಡಲಾಗಿ ಆ ಕಂಕುಳಿನತ್ತ ಸವರಿ.

ಕೈಯ ಸರದಿ ಕೊನೆಗೆ. ಅದರಲ್ಲೂ ತೋಳು ಮೊದಲು, ಮುಂಗೈ ಆಮೇಲೆ, ಪ್ರತಿ ಸಲ ಭುಜದ ಕಡೆಗೇ. ಹೊಳೆ ಪಕ್ಕದ ಗಜನಿ ಗದ್ದೆಯ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ನೀರು ಖಾಲಿ ಮಾಡಬೇಕಾದರೆ ಹೊಳೆ ಕಡೆಯ ಬಾಗಿಲು ಮೊದಲು ತೆಗೆಯಬೇಕು, ಅಲ್ವಾ?

ಒತ್ತಡ ಎಷ್ಟು? ಚರ್ಮ ಜರುಗಬೇಕು, ಕೆಳಗಿನ ಸ್ನಾಯು ಕೈಗೆ ಸಿಗಬಾರದು. ತುದಿಯ ಪುಟ್ಟ ನಾಳಗಳನ್ನು ಸುತ್ತಲಿನ ಅಂಗಾಂಶಕ್ಕೆ ಸಣ್ಣ ಎಳೆಗಳು ಕಟ್ಟಿ ಹಿಡಿದಿವೆ. ಚರ್ಮ ಎಳೆದಾಗ ಎಳೆ ಬಿಗಿದು ನಾಳದ ಬಾಯಿ ತೆರೆಯುತ್ತದೆ. ಎಣ್ಣೆ ಹಾಕಿದರೆ ಬೆರಳು ಸುಮ್ನೆ ಜಾರುತ್ತದೆ. ಡೆನ್ಮಾರ್ಕಿನ ಎಮಿಲ್ ವೊಡ್ಡರ್ 1930ರ ದಶಕದಲ್ಲಿ ರೂಪಿಸಿದ ಕ್ರಮವೂ ಇಂಥ ಹಗುರ ಕೈಯದ್ದೇ. ಒಮ್ಮೆ ತಿಳಿದವರ ಎದುರು ಮಾಡಿ ಕಲಿಯಿರಿ.

ಮುಗಿದ ಮೇಲೆ ಡಾಕ್ಟರ್ ಹೇಳಿದ ಬಿಗಿ ತೋಳುಚೀಲ ಹಾಕಿ, ಮುಷ್ಟಿ ಬಿಗಿದು ಬಿಡುತ್ತಿರಿ.

ಹೃದಯ ಅಥವಾ ಕಿಡ್ನಿ ತೊಂದರೆ, ರಕ್ತ ಹೆಪ್ಪುಗಟ್ಟಿದ್ದು ಇದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ. ಕೈ ಕೆಂಪಾಗಿ ಬಿಸಿಯಾದರೆ, ಜ್ವರ ಬಂದರೆ ಸವರುವುದು ಬಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ. ನಮ್ಮ ಕಡೆ ಇಂಥ ಸೋಂಕು ಶುರುವಾಗಲು ಒಂದು ಮೀನಿನ ಮುಳ್ಳು ಚುಚ್ಚಿದರೂ ಸಾಕು. ಮೀನು ಕೊಯ್ಯುವಾಗ ಆ ಕೈಗೆ ದಪ್ಪ ಗ್ಲೌಸ್ ಹಾಕಿಕೊಳ್ಳಿ.