ಟ್ಯೂನ್‌ಎಫ್‌ಎಸ್ ಎಚ್ಚರಿಸಿದಾಗ ನಾನು ಮಾಡಿದ್ದು

ಪುಣೆಯ ಭೋಸರಿಯಲ್ಲಿ ವಿಜಯಪುರ ಕಡೆಯವರೊಬ್ಬರ ಸಣ್ಣ ಮಶೀನ್ ಶಾಪ್ ಇದೆ. ಅವರ ಡ್ರಾಯಿಂಗ್ ಫೈಲುಗಳೆಲ್ಲ ಒಂದು ಸರ್ವರ್‌ನಲ್ಲಿವೆ. ಅದರ ಆಪರೇಟಿಂಗ್ ಸಿಸ್ಟಮ್ ಫ್ರೀಬಿಎಸ್‌ಡಿ, ಡಿಸ್ಕ್‌ನಲ್ಲಿ ಫೈಲು ಜೋಡಿಸಿಡುವ ಫೈಲ್‌ಸಿಸ್ಟಮ್ ಯುಎಫ್‌ಎಸ್. ನೋಡಿಕೊಳ್ಳುವವನು ನಾನು. 2 ಟಿಬಿ ಡಿಸ್ಕ್ ತುಂಬುತ್ತಾ ಬಂದಾಗ ಜಾಗದ ಲೆಕ್ಕ ಕೊಡುವ ಡಿಎಫ್ ಕಮಾಂಡ್ ಓಡಿಸಿ ತೋರಿಸಿದೆ. ಬಳಸಿದ್ದು, ಉಳಿದಿದ್ದು ಎರಡನ್ನೂ ಕೂಡಿಸಿದರೂ ಒಟ್ಟಿಗೆ ತಾಳೆಯಾಗಲಿಲ್ಲ. ಸುಮಾರು 160 ಜಿಬಿ ಲೆಕ್ಕಕ್ಕೇ ಇಲ್ಲ.

"ಡಿಸ್ಕ್ ನಂದು, ಜಾಗಾ ಯಾರಿಗಿ ಎತ್ತಿ ಇಟ್ಟೀರಿ?" ಅಂದರು ಸಾಹೇಬರು.

ನ್ಯಾಯವಾದ ಪ್ರಶ್ನೆ. ಯುಎಫ್‌ಎಸ್ ಸುಮ್ನೆ ಬಿಟ್ಟರೆ 8% ಜಾಗ ಎತ್ತಿಡುತ್ತದೆ. ಅದಕ್ಕೆ ಮಿನ್‌ಫ್ರೀ ಅಂತಾರೆ. ಅದನ್ನು ಮುಟ್ಟಲು ರೂಟ್‌ಗೆ, ಅಂದರೆ ಸರ್ವರ್‌ನ ಮುಖ್ಯ ನಿರ್ವಾಹಕ ಖಾತೆಗೆ ಮಾತ್ರ ಅವಕಾಶ. ಡಿಎಫ್‌ನಲ್ಲಿ ಒಮ್ಮೊಮ್ಮೆ 100% ದಾಟಿ ಕಾಣುವುದು ಇದಕ್ಕೇ. ಎತ್ತಿಡಲು ಕಾರಣ ವೇಗ: ಖಾಲಿ ಜಾಗ ಇದ್ದರೆ ಫೈಲಿನ ಬ್ಲಾಕ್‌ಗಳು (ಡಿಸ್ಕ್‌ನಲ್ಲಿ ಜಾಗ ಹಂಚುವ ತುಣುಕುಗಳು) ಹತ್ತಿರ ಹತ್ತಿರ ಸಿಗುತ್ತವೆ. ಪೂರ್ತಿ ತುಂಬಿದರೆ ವೇಗ ಮೂರನೇ ಒಂದು ಭಾಗಕ್ಕೆ ಇಳಿಯಬಹುದು ಅಂತ ಮ್ಯಾನ್ ಪುಟವೇ (ಕಮಾಂಡ್‌ನ ಕೈಪಿಡಿ) ಹೇಳುತ್ತದೆ.

ಸ್ವಲ್ಪ ಇಳಿಸೋಣ ಅಂತ ಒಪ್ಪಿಸಿದೆ. ಶಿಫ್ಟ್ ಮುಗಿದ ಮೇಲೆ ಅನ್‌ಮೌಂಟ್ ಮಾಡಿ, ಅಂದರೆ ಡಿಸ್ಕನ್ನು ಬಳಕೆಯಿಂದ ಬಿಡಿಸಿ, ಫೈಲ್‌ಸಿಸ್ಟಮ್ ಸೆಟ್ಟಿಂಗ್ ಬದಲಿಸುವ ಟ್ಯೂನ್‌ಎಫ್‌ಎಸ್ ಕಮಾಂಡ್‌ಗೆ ಮೈನಸ್ ಎಂ 6 ಕೊಟ್ಟೆ, ಮಿನ್‌ಫ್ರೀ 6% ಮಾಡು ಅಂತ. ಎರಡು ಸಾಲು ಬಂದವು. 8% ಇದ್ದದ್ದು 6% ಆಯಿತು ಅನ್ನೋದು ಒಂದು. ಇನ್ನೊಂದು: "ಶುಡ್ ಆಪ್ಟಿಮೈಸ್ ಫಾರ್ ಸ್ಪೇಸ್ ವಿತ್ ಮಿನ್‌ಫ್ರೀ < 8%." ಮಿನ್‌ಫ್ರೀ 8%ಗಿಂತ ಕಮ್ಮಿಯಿದ್ದರೆ ಜಾಗ ಉಳಿಸುವ 'ಸ್ಪೇಸ್' ಪದ್ಧತಿ ಇರಲಿ ಅಂತ.

ಇದನ್ನು ನೋಡಿ ಕೆಲಸ ಕೆಟ್ಟಿತು ಅಂದುಕೊಳ್ಳುವವರೇ ಜಾಸ್ತಿ. ಕೆಟ್ಟಿಲ್ಲ. ಈಗಿನ ಸೆಟ್ಟಿಂಗ್ ತೋರಿಸುವ ಮೈನಸ್ ಪಿ ಕೊಟ್ಟು ನೋಡಿದರೆ 6% ಆಗಲೇ ಕೂತಿತ್ತು. ನಿಜವಾದ ತಡೆ ಬೇರೆ ಥರ ಇರುತ್ತದೆ. ಓದು-ಬರಹಕ್ಕೆ ಮೌಂಟ್ ಆಗಿರುವ ಫೈಲ್‌ಸಿಸ್ಟಮ್ ಮೇಲೆ ಕೈಯಿಟ್ಟರೆ, ಆಗಲ್ಲ ಅಂತ ಹೇಳಿ ಅಲ್ಲೇ ನಿಲ್ಲುತ್ತದೆ.

ಎಚ್ಚರಿಕೆ ಹೇಳುತ್ತಿದ್ದದ್ದು ಇಷ್ಟೇ: ಎರಡು ಸೆಟ್ಟಿಂಗ್, ಅಂದರೆ 6% ಮೀಸಲು ಮತ್ತು ಆಗ ಇದ್ದ 'ಟೈಮ್' ಪದ್ಧತಿ, ಒಂದಕ್ಕೊಂದು ಹೊಂದುತ್ತಿಲ್ಲ. ಚಿಕ್ಕ ಫೈಲ್ ಬೆಳೆಯುವಾಗ 'ಟೈಮ್' ಪದ್ಧತಿ ಇಡೀ ಬ್ಲಾಕ್ ಕೊಟ್ಟು, ಬೇಡದ್ದನ್ನು ಬಿಡುತ್ತದೆ. ಈಗಿನ ಫ್ರೀಬಿಎಸ್‌ಡಿಯಲ್ಲಿ ಬ್ಲಾಕ್ ಅಂದರೆ 32 ಕೆಬಿ. ಫೈಲ್ ಇನ್ನೂ ಬೆಳೆದರೆ ಅಲ್ಲೇ ಜಾಗ ಇರುತ್ತದೆ, ಆದರೆ ಡಿಸ್ಕ್ ತುಂಡು ತುಂಡಾಗುತ್ತದೆ. 'ಸ್ಪೇಸ್' ಪದ್ಧತಿ 4 ಕೆಬಿ ತುಂಡುಗಳಲ್ಲಿ ಅಳತೆಗೆ ಸರಿಯಾದ ಸಂದಿ ಹುಡುಕುತ್ತದೆ. ಜಾಗ ಉಳಿಯುತ್ತದೆ, ಬೆಳೆದಾಗಲೆಲ್ಲ ನಕಲು ಮಾಡುವ ಕೆಲಸ ಹೆಚ್ಚು. ಮೀಸಲು ಕಮ್ಮಿ ಇಟ್ಟುಕೊಂಡು ಧಾರಾಳವಾಗಿ ಬ್ಲಾಕ್ ಹಂಚುವುದು ಯಾಕೆ ಅನ್ನೋದು ಅದರ ತಕರಾರು.

ಇಲ್ಲಿರುವುದು ಒಮ್ಮೆ ಬರೆದು ಇಡುವ ದೊಡ್ಡ ಫೈಲುಗಳು. ಹಾಗಾಗಿ ಮೈನಸ್ ಓ ಸ್ಪೇಸ್ ಕೊಟ್ಟು 'ಸ್ಪೇಸ್' ಪದ್ಧತಿಗೆ ಬದಲಿಸಿಬಿಟ್ಟೆ. ಚಿಕ್ಕ ಫೈಲುಗಳು ಬೆಳೆಯುತ್ತಲೇ ಇರುವ ಮೇಲ್ ಸರ್ವರ್ ಆಗಿದ್ದರೆ 8% ತಂಟೆಗೇ ಹೋಗುತ್ತಿರಲಿಲ್ಲ. 5ಕ್ಕೆ ಇಳಿಸದಿರಲೂ ಕಾರಣ ಇದೆ. 5% ಅಥವಾ ಅದಕ್ಕಿಂತ ಕಮ್ಮಿ ಆದರೆ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಯಾವಾಗಲೂ 'ಸ್ಪೇಸ್'ನಲ್ಲೇ ಇರುತ್ತದೆ. 6ರಲ್ಲಿ ಹಾಗಲ್ಲ, ತುಂಡುಗಳು ಕಮ್ಮಿಯಿದ್ದರೆ ತಾನೇ 'ಟೈಮ್'ಗೆ ಮರಳಬಹುದು. ಮರಳಿದಾಗ ಲಾಗ್‌ನಲ್ಲಿ "ಆಪ್ಟಿಮೈಸೇಶನ್ ಚೇಂಜ್ಡ್ ಫ್ರಮ್ ಸ್ಪೇಸ್ ಟು ಟೈಮ್" ಅಂತ ಬರೆಯುತ್ತದೆ. ಅದು ಬರೀ ಸುದ್ದಿ, ಗಾಬರಿ ಬೇಡ.

ಸಿಕ್ಕಿದ್ದು 40 ಜಿಬಿ ಅಷ್ಟೇ. ಹೊಸ ಡಿಸ್ಕ್ ತರಿಸಲೇಬೇಕಾಯಿತು. ಅರ್ಧ ಫೈಲ್ ಅದಕ್ಕೆ ಸಾಗಿಸಿದ ಮೇಲೆ ಹಳೆಯದನ್ನು 8%ಗೆ ತಂದೆ. ಜಾಗ ಮಾಡಿಕೊಳ್ಳದೆ ಏರಿಸಿದ್ದರೆ ಯಾರಿಗೂ ಒಂದು ಫೈಲ್ ಸೇವ್ ಮಾಡಲು ಆಗುತ್ತಿರಲಿಲ್ಲ. ಈ ಸಲ ಎಚ್ಚರಿಕೆ ತಿರುಗಿ ಬಂತು: 8% ಇದ್ದರೆ 'ಟೈಮ್' ಇರಲಿ ಅಂತ. ಮೈನಸ್ ಓ ಟೈಮ್ ಕೊಟ್ಟು ಮೌಂಟ್ ಮಾಡಿದೆ.