ಶುಗರ್ ಇದ್ದವರ ಮನೆಯಲ್ಲಿ ಲಿವರ್ ಕಡೆಗೂ ಒಂದು ಕಣ್ಣಿರಲಿ

‘ರಾತ್ರಿ ಎರಡೇ ಚಪಾತಿ ತಿಂದು ಮಲಗಿದ್ದೆ, ಆದರೂ ಬೆಳಿಗ್ಗೆ ಖಾಲಿಹೊಟ್ಟೆ ಶುಗರ್ 160!’ ಅಂತ ಗೊಣಗದ ಸಕ್ಕರೆ ಕಾಯಿಲೆಯವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಪಾಪ, ಆ ಚಪಾತಿಯನ್ನೊಂದೇ ಬೈದು ಏನು ಬಂತು? ನಾವು ಮಲಗಿದ್ದಾಗ ರಕ್ತಕ್ಕೆ ಸಕ್ಕರೆ ಒದಗಿಸುವುದು ಲಿವರ್. ಇನ್ಸುಲಿನ್ ‘ಸಾಕು’ ಅಂದಾಗ ಅದು ನಿಲ್ಲಿಸಬೇಕು. ಈ ಕಾಯಿಲೆ ಬಂದವರಲ್ಲಿ ಲಿವರ್ ಆ ಮಾತು ಸರಿಯಾಗಿ ಕೇಳುವುದಿಲ್ಲ, ಸಕ್ಕರೆ ಬಿಡುತ್ತಲೇ ಇರುತ್ತದೆ. ಮೇಲೆ ನಾವು ತಿಂದು ಹೆಚ್ಚಾಗಿದ್ದನ್ನು ಕೊಬ್ಬು ಮಾಡಿ ತನ್ನೊಳಗೇ ತುಂಬಿಕೊಳ್ಳುತ್ತದೆ. ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಫ್ಯಾಟಿ ಲಿವರ್ ಇರುತ್ತದೆ, ಹೆಂಡದ ವಾಸನೆಯನ್ನೇ ಕಾಣದವರಿಗೂ.

ಕಣ್ಣು, ಕಾಲು, ಕಿಡ್ನಿ ಅಂತ ವರ್ಷಕ್ಕೊಮ್ಮೆ ತೋರಿಸುತ್ತೇವೆ. ಲಿವರ್ ನೋವು ಕೊಡುವುದಿಲ್ಲವಲ್ಲ, ಅದನ್ನು ಮರೆಯುತ್ತೇವೆ. ರಕ್ತದ ರಿಪೋರ್ಟಿನಲ್ಲಿ ಲಿವರಿನ ಕಿಣ್ವ ಎಸ್‌ಜಿಪಿಟಿ ನಾರ್ಮಲ್ ಅಂತ ಬಂದರೂ ನಿಶ್ಚಿಂತರಾಗಬೇಡಿ. ಲಿವರ್ ಗಟ್ಟಿಯಾಗುತ್ತಿರುವ ಸಂಶಯವಿದೆಯೇ ಅಂತ ಅಂದಾಜಿಸಲು ಫಿಬ್-4 ಅಂತ ಒಂದು ಲೆಕ್ಕವಿದೆ, ಮನೆಯಲ್ಲೇ ಮಾಡಬಹುದು. ವಯಸ್ಸನ್ನು ಅದೇ ರಿಪೋರ್ಟಿನ ಇನ್ನೊಂದು ಕಿಣ್ವ ಎಸ್‌ಜಿಓಟಿಯಿಂದ ಗುಣಿಸಿ ಇಟ್ಟುಕೊಳ್ಳಿ. ಎಸ್‌ಜಿಪಿಟಿಯ ವರ್ಗಮೂಲವನ್ನು ಪ್ಲೇಟ್‌ಲೆಟ್‌ನಿಂದ ಗುಣಿಸಿ, ಬಂದದ್ದರಿಂದ ಮೊದಲಿನದನ್ನು ಭಾಗಿಸಿ. ಪ್ಲೇಟ್‌ಲೆಟ್ 1.8 ಲಕ್ಷ ಇದ್ದರೆ 180 ಅಂತ ಹಾಕಬೇಕು. ಅರವತ್ತರ ಒಬ್ಬರಿಗೆ ಎಸ್‌ಜಿಓಟಿ 40, ಎಸ್‌ಜಿಪಿಟಿ 36, ಪ್ಲೇಟ್‌ಲೆಟ್ 1.8 ಲಕ್ಷ ಅನ್ನಿ. ಮೇಲೆ 2400, 36ರ ವರ್ಗಮೂಲ ಆರು, ಹಾಗಾಗಿ ಕೆಳಗೆ 180ರ ಆರು ಪಟ್ಟು 1080. ಉತ್ತರ 2.2. ಬಿಡಿಬಿಡಿಯಾಗಿ ನೋಡಿದರೆ ಯಾವುದೂ ಕೆಟ್ಟಿಲ್ಲ, ಆದರೆ 1.3 ದಾಟಿದರೆ ಡಾಕ್ಟರನ್ನು ಕೇಳಿ ಫೈಬ್ರೋಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ಅರವತ್ತೈದು ದಾಟಿದವರಿಗೆ ಆ ಗೆರೆ 2. ಲಿವರ್ ಒಳಗೆ ಗಾಯದ ಕಲೆ ಕಟ್ಟಿ ಗಟ್ಟಿಯಾಗುತ್ತಿದೆಯೋ ಅಂತ ಆ ಸ್ಕ್ಯಾನಿನಲ್ಲಿ ತಿಳಿಯುತ್ತದೆ.

ಇನ್ನು ಅಡುಗೆಮನೆ. ಸಕ್ಕರೆ ಬಿಟ್ಟು ಬೆಲ್ಲ ಹಿಡಿದವರು, ಬೆಳಿಗ್ಗೆ ಜೇನು-ನಿಂಬೆ ಕುಡಿಯುವವರು ಲಿವರಿಗೇನೂ ಉಪಕಾರ ಮಾಡಿದಂತಲ್ಲ. ಮೂಸಂಬಿ ಜ್ಯೂಸ್ ಬಿಟ್ಟು ಹಣ್ಣಿನ ತೊಳೆಯನ್ನೇ ಅಗಿದು ತಿನ್ನಿ. ರಾಗಿ ಮುದ್ದೆ ಒಳ್ಳೆಯದು ಅಂತ ಎರಡೆರಡು ನುಂಗಿದರೆ ಅದೂ ಹಿಟ್ಟೇ ತಾನೆ? ಸಣ್ಣದೊಂದು ಮುದ್ದೆ, ಬಟ್ಟಲು ತುಂಬ ಸೊಪ್ಪಿನ ಬಸ್ಸಾರು, ಪಕ್ಕಕ್ಕೆ ಮೊಳಕೆ ಹುರುಳಿಯ ಪಲ್ಯ, ಮೊದಲು ಪಲ್ಯ ಮುಗಿಸಿ ಆಮೇಲೆ ಮುದ್ದೆಗೆ ಕೈ ಹಾಕಿ. ಅಡುಗೆ ಎಣ್ಣೆ ಒಬ್ಬರಿಗೆ ತಿಂಗಳಿಗೆ ಅರ್ಧ ಲೀಟರ್ ಸಾಕು. ಕಾಫಿ ಬಿಡಬೇಕಿಲ್ಲ, ಸಕ್ಕರೆಯಿಲ್ಲದ ಕಾಫಿ ಲಿವರಿಗೆ ಒಳ್ಳೆಯದೇ ಅಂತ ವೈದ್ಯರೂ ಹೇಳುತ್ತಾರೆ. ನನಗಂತೂ ಕೇಳಿ ಖುಷಿಯಾಯಿತು!

ನನ್ನ ಜಗಳವಿರುವುದು ಕಷಾಯದ ಜೊತೆ. ಶುಗರಿಗೆ ಅಂತ ಯಾರೋ ವಾಟ್ಸಾಪಿನಲ್ಲಿ ಕಳಿಸಿದ ಪುಡಿ, ಬೇರು ಎಲ್ಲವನ್ನೂ ಕುದಿಸಿ ತಿಂಗಳುಗಟ್ಟಲೆ ಕುಡಿಯುವವರಿದ್ದಾರೆ. ಕೊರೊನಾ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಲಿವರ್ ಕೆಟ್ಟಿದ್ದನ್ನು ಮುಂಬೈನ ವೈದ್ಯರು 2021ರಲ್ಲಿ ಬರೆದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅವರ ವಾದ ಅವರಿಗಿರಲಿ. ಏನು ಕುಡಿಯುತ್ತಿದ್ದೀರಿ ಅಂತ ನಿಮ್ಮ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಇನ್ನೊಂದು ಕಡೆ ಜನ ಶುಗರಿನ ಮಾತ್ರೆ ಮೆಟ್‌ಫಾರ್ಮಿನ್ ಲಿವರ್ ತಿನ್ನುತ್ತದೆ ಅಂತ ಹೆದರಿ ಅದನ್ನೇ ಬಿಟ್ಟುಬಿಡುತ್ತಾರೆ. ಫ್ಯಾಟಿ ಲಿವರ್ ಇದ್ದ ಮಾತ್ರಕ್ಕೆ ಆ ಮಾತ್ರೆ ನಿಲ್ಲಿಸಬೇಕಿಲ್ಲ.

ಎಪ್ಪತ್ತು ಕಿಲೋ ಇರುವವರು ಮೂರೂವರೆ ಕಿಲೋ ಇಳಿದರೂ ಲಿವರಿನ ಕೊಬ್ಬು ಕರಗತೊಡಗುತ್ತದೆ. ಏಳು ಕಿಲೋ ಇಳಿದರೆ ಕಲೆ ಕಟ್ಟಿದ್ದೂ ಎಷ್ಟೋ ಜನರಲ್ಲಿ ಸುಧಾರಿಸುತ್ತದೆ. ಆದರೆ ಉಪವಾಸ ಬಿದ್ದು ಇಳಿಸಬೇಡಿ. ಗ್ಲಿಮಿಪಿರೈಡ್‌ನಂಥ ಶುಗರ್ ಮಾತ್ರೆ ನುಂಗಿ ಊಟ ತಪ್ಪಿಸಿದರೆ ಶುಗರ್ ದಿಢೀರನೆ ಇಳಿದು ಬೆವರಿ ಬೀಳುತ್ತೀರಿ. ಊಟವಾದ ಮೇಲೆ ಕಾಲು ಗಂಟೆ ಮನೆ ಮುಂದಿನ ರಸ್ತೆಯಲ್ಲಿ ಓಡಾಡಿ, ಅಷ್ಟಾದರೂ ಆಗಲಿ. ಮೈ ಸಣ್ಣಗಿದೆ ಅಂದುಕೊಂಡವರು ಸೊಂಟದ ಸುತ್ತ ಟೇಪು ಹಿಡಿದು ನೋಡಿ: ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು.

ಲಿವರನ್ನು ಕೆಡಿಸುವ ವೈರಸ್ ಹೆಪಟೈಟಿಸ್ ಬಿಗೆ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಮುಂದಿನ ಸಲ ಡಾಕ್ಟರ ಬಳಿ ಹೋದಾಗ ಕೇಳಿ. ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿ ನೀರು ತುಂಬಿದಂತಾದರೆ, ಮಲ ಡಾಂಬರಿನಂತೆ ಕಪ್ಪಾದರೆ ಅಪಾಯಿಂಟ್‌ಮೆಂಟಿಗೆ ಕಾಯುತ್ತ ಕೂರಬೇಡಿ, ಅವತ್ತೇ ಆಸ್ಪತ್ರೆಗೆ ಹೊರಡಿ.